ಗಿಟಾರಿನ ನಾದಫಲಕ: ಅದು ಬಾಗುವುದೇಕೆ, ಕಾಪಾಡುವುದೆಂತು?

ಮರದಿಂದ ಮಾಡಿದ ವಸ್ತುಗಳೆಲ್ಲವೂ ಗಾಳಿಯ ತೇವವನ್ನನುಸರಿಸಿ ಹಿಗ್ಗುತ್ತವೆ, ಕುಗ್ಗುತ್ತವೆ. ಬಡಗಿಯ ಕೈಯಿಂದ ಹೊರಬಂದು ಎಷ್ಟೋ ವರ್ಷಗಳು ಕಳೆದರೂ ಮರದ ಈ ಗುಣ ಅಳಿಯುವುದಿಲ್ಲ. ಮಳೆಗಾಲದಲ್ಲಿ ಚೌಕಟ್ಟಿಗೆ ಸಿಕ್ಕಿಕೊಳ್ಳುವ ಬಾಗಿಲು ಬೇಸಿಗೆಯಲ್ಲಿ ಸಲೀಸಾಗಿ ಮುಚ್ಚಿಕೊಳ್ಳುವುದನ್ನು ಬಲ್ಲದವರಿಲ್ಲ. ಬಾಗಿಲಿನ ವಿಷಯದಲ್ಲಿ ಇದು ಸಣ್ಣ ತೊಂದರೆ. ಆದರೆ ಎರಡೂವರೆ ಮೂರು ಮಿಲಿಮೀಟರು ದಪ್ಪದ ತೆಳು ಹಲಗೆಯ ಮೇಲೆ ಮನುಷ್ಯನೊಬ್ಬನ ತೂಕದಷ್ಟು ಎಳೆತವನ್ನು ಹಗಲಿರುಳು ಹೊತ್ತು ನಿಂತಿರುವ ಗಿಟಾರಿನಲ್ಲಿ ಇದೇ ಗುಣವು ವಾದ್ಯದ ಆಯುಷ್ಯವನ್ನು ನಿರ್ಧರಿಸುತ್ತದೆ.

ಇಂದು ಅನೇಕ ಶಾಲೆಗಳ ಸಂಗೀತ ಕೊಠಡಿಗಳಲ್ಲಿ ಹಾರ್ಮೋನಿಯಂ, ತಬಲಾಗಳ ಪಕ್ಕದಲ್ಲಿ ಗಿಟಾರಿಗೂ ಸ್ಥಾನ ದೊರೆತಿದೆ. ಕೆಲವನ್ನು ಶಾಲೆಯವರೇ ಕೊಂಡಿರುತ್ತಾರೆ, ಕೆಲವು ದಾನಿಗಳ ಔದಾರ್ಯದಿಂದ ಬಂದಿರುತ್ತವೆ. ಕೆಲವು ವರ್ಷಗಳು ಕಳೆಯುವಷ್ಟರಲ್ಲಿ ಮೇಲಿನ ಹಲಗೆ ಉಬ್ಬಿತೆಂದೋ, ತಗ್ಗಿತೆಂದೋ, ಸೀಳಿತೆಂದೋ ಅವು ಮೂಲೆ ಸೇರುವುದುಂಟು. ಹಲಗೆಯ ರೂಪ ಬದಲಾದುದೆಲ್ಲವೂ ಹಾನಿಯಲ್ಲ. ನಿಜವಾದ ಹಾನಿಯಲ್ಲಿಯೂ ಬಹುಪಾಲು ತಡೆಯಬಹುದಾದದ್ದೇ. ಈ ಎರಡು ಸಂಗತಿಗಳನ್ನು ಕಾರಣಸಹಿತವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ನಾದಫಲಕದ ಕಾರ್ಯ

ಗಿಟಾರಿನ ಮುಂಭಾಗದಲ್ಲಿ, ನಡುವೆ ದುಂಡನೆಯ ರಂಧ್ರವುಳ್ಳ ಹಲಗೆಗೆ ನಾದಫಲಕವೆನ್ನಬಹುದು. ತಂತಿ ತಾನಾಗಿ ಹೊರಡಿಸುವ ಧ್ವನಿ ಅತ್ಯಲ್ಪ. ಅದರ ಕಂಪನವನ್ನು ಸ್ವೀಕರಿಸಿ, ತನ್ನ ವಿಸ್ತಾರವಾದ ಮೈಯಿಂದ ಗಾಳಿಯನ್ನು ಅಲುಗಿಸಿ, ಕೇಳುವಂತೆ ಮಾಡುವುದು ಈ ಫಲಕವೇ. ಸ್ಪೇನ್ ದೇಶದ ಅಲ್ಮೆರಿಯಾದಲ್ಲಿ ೧೮೧೭ರಲ್ಲಿ ಜನಿಸಿದ ಆಂಟೋನಿಯೋ ದೆ ಟೊರೆಸ್ ಎಂಬ ಪ್ರಖ್ಯಾತ ವಾದ್ಯಶಿಲ್ಪಿ ಇದನ್ನು ಪ್ರತ್ಯಕ್ಷವಾಗಿ ತೋರಿಸಿದನು. ೧೮೬೨ರಲ್ಲಿ ಅವನು ಬೆನ್ನು ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಿಂದ ಮಾಡಿ, ನಾದಫಲಕವನ್ನು ಮಾತ್ರ ಒಳ್ಳೆಯ ಮರದಿಂದ ರಚಿಸಿದ ಒಂದು ಗಿಟಾರನ್ನು ನಿರ್ಮಿಸಿದನು. ವಾದ್ಯದ ಜೀವ ಎಲ್ಲಿದೆಯೆಂಬುದಕ್ಕೆ ಸಾಕ್ಷಿಯಾಗಿರುವ ಆ ಗಿಟಾರು ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಫಲಕಕ್ಕೆ ಸಾಮಾನ್ಯವಾಗಿ ಸ್ಪ್ರೂಸ್ ಅಥವಾ ಸೀಡರ್ ಎಂಬ ಶೀತಪ್ರದೇಶದ ಮರಗಳನ್ನು ಬಳಸುತ್ತಾರೆ. ಇವು ಹಗುರವಾಗಿದ್ದರೂ ನಾರಿನ ಉದ್ದಕ್ಕೆ ಬಹಳ ಗಟ್ಟಿ. ಇಲ್ಲಿ ವಾದ್ಯಶಿಲ್ಪಿಗೆ ಒಂದು ಧರ್ಮಸಂಕಟವಿದೆ. ಫಲಕ ತೆಳುವಾದಷ್ಟೂ ನಾದ ಚೆನ್ನು. ದಪ್ಪವಾದಷ್ಟೂ ಬಾಳಿಕೆ ಚೆನ್ನು. ಎಂದೂ ಬಾಗದ ಗಿಟಾರನ್ನು ಮಾಡುವುದು ಕಷ್ಟವೇನಲ್ಲ, ಆದರೆ ಅದು ಹಾಡುವುದಿಲ್ಲ. ಆದುದರಿಂದ ಒಳ್ಳೆಯ ಗಿಟಾರಿನ ಫಲಕವು ಯಾವಾಗಲೂ ತನ್ನ ಶಕ್ತಿಯ ಮೇರೆಯ ಸಮೀಪದಲ್ಲಿಯೇ ಕೆಲಸ ಮಾಡುತ್ತಿರುತ್ತದೆ.

ತಂತಿಗಳ ಎಳೆತ

ಆರು ಉಕ್ಕಿನ ತಂತಿಗಳುಳ್ಳ ಗಿಟಾರನ್ನು ಶ್ರುತಿಗೆ ತಂದಾಗ ಅವುಗಳ ಒಟ್ಟು ಎಳೆತ ಸುಮಾರು ೭೫ ಕಿಲೋಗ್ರಾಂ ಭಾರಕ್ಕೆ ಸಮ. ನೈಲಾನ್ ತಂತಿಗಳಾದರೆ ಸುಮಾರು ೪೦ ಕಿಲೋಗ್ರಾಂ. ಈ ಎಳೆತ ಫಲಕದ ಮೇಲೆ ಬೀಳುವ ಬಗೆಯನ್ನು ವೀಣೆಯೊಡನೆ ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ವೀಣೆಯಲ್ಲಿ ತಂತಿಗಳು ಕುದುರೆಯ ಮೇಲೆ ಹಾದುಹೋಗಿ, ಅದರ ಹಿಂದೆ ಕೊಡದ ಅಂಚಿನಲ್ಲಿರುವ ನಾಗಪಾಶಕ್ಕೆ ಬಿಗಿಯಲ್ಪಡುತ್ತವೆ. ಕುದುರೆಯ ಮೇಲೆ ಬೀಳುವುದು ಮುಖ್ಯವಾಗಿ ಒತ್ತಡ ಮಾತ್ರ. ಗಿಟಾರಿನಲ್ಲಿಯಾದರೋ ತಂತಿಗಳ ಕೊನೆ ಕುದುರೆಯಲ್ಲಿಯೇ ನಿಲ್ಲುತ್ತದೆ, ಕುದುರೆ ಫಲಕಕ್ಕೆ ಅಂಟಿನಿಂದ ಕೂಡಿರುತ್ತದೆ. ತಂತಿಗಳು ಫಲಕಕ್ಕಿಂತ ಸುಮಾರು ಒಂದು ಸೆಂಟಿಮೀಟರು ಎತ್ತರದಲ್ಲಿ ಎಳೆಯುವುದರಿಂದ ಕುದುರೆಯು ಕುತ್ತಿಗೆಯ ಕಡೆಗೆ ಮಗುಚಲು ಸದಾ ಯತ್ನಿಸುತ್ತದೆ. ಅದರ ಪರಿಣಾಮವಾಗಿ ಕುದುರೆಯ ಹಿಂಭಾಗದ ಹಲಗೆ ಮೇಲೇಳುತ್ತದೆ, ಕುದುರೆಗೂ ರಂಧ್ರಕ್ಕೂ ನಡುವಿನ ಹಲಗೆ ತುಸು ಕುಸಿಯುತ್ತದೆ.

ಇದನ್ನು ತಡೆಯಲೆಂದು ಫಲಕದ ಒಳಮೈಗೆ ಮರದ ಆಸರೆಪಟ್ಟಿಗಳನ್ನು ಅಂಟಿಸಿರುತ್ತಾರೆ. ನೈಲಾನ್ ತಂತಿಯ ಗಿಟಾರಿನಲ್ಲಿ ಇವು ಬೀಸಣಿಗೆಯ ಕಡ್ಡಿಗಳಂತೆ ಹರಡಿರುತ್ತವೆ. ಈ ವಿನ್ಯಾಸವನ್ನು ಪರಿಷ್ಕರಿಸಿ ನೆಲೆಗೊಳಿಸಿದವನು ಮೇಲೆ ಹೇಳಿದ ಟೊರೆಸ್. ಉಕ್ಕಿನ ತಂತಿಯ ಗಿಟಾರಿನಲ್ಲಿ ಎರಡು ದಪ್ಪ ಪಟ್ಟಿಗಳು ಬಿಚ್ಚಿದ ಕತ್ತರಿಯಂತೆ ಒಂದನ್ನೊಂದು ಹಾಯುತ್ತವೆ. ಜರ್ಮನಿಯಿಂದ ೧೮೩೩ರಲ್ಲಿ ಅಮೆರಿಕಕ್ಕೆ ವಲಸೆ ಹೋದ ಸಿ. ಎಫ್. ಮಾರ್ಟಿನ್ ಎಂಬ ವಾದ್ಯಶಿಲ್ಪಿಯ ಕಾರ್ಯಾಗಾರದಲ್ಲಿ ಈ ಎರಡನೆಯ ವಿನ್ಯಾಸವು ೧೮೪೦ರ ದಶಕದಲ್ಲಿಯೇ ಬಳಕೆಗೆ ಬಂದಿತ್ತು. ಆಗಿನ್ನೂ ಕರುಳಿನ ತಂತಿಗಳ ಕಾಲ. ಮುಂದೆ ೧೯೨೦ರ ದಶಕದಲ್ಲಿ ಉಕ್ಕಿನ ತಂತಿಗಳು ವ್ಯಾಪಕವಾದಾಗ ಅವುಗಳ ಹೆಚ್ಚಿನ ಎಳೆತಕ್ಕೆ ಇದೇ ವಿನ್ಯಾಸ ಆಧಾರವಾಯಿತು.

ಆದರೂ ಆಸರೆಯಿಂದ ಬಾಗುವಿಕೆ ಪೂರ್ಣ ನಿಲ್ಲುವುದಿಲ್ಲ. ಪುಸ್ತಕಗಳ ಭಾರ ಹೊತ್ತ ಕಪಾಟಿನ ಹಲಗೆ ವರ್ಷಗಳು ಕಳೆದಂತೆ ಜೋತುಬೀಳುವ ಹಾಗೆ, ನಿರಂತರ ಭಾರದ ಕೆಳಗಿರುವ ಮರ ನಿಧಾನವಾಗಿ ಹೊಸ ರೂಪಕ್ಕೆ ಒಗ್ಗಿಕೊಳ್ಳುತ್ತದೆ. ಗಾಳಿಯ ತೇವ ಪದೇ ಪದೇ ಏರಿಳಿದರೆ ಈ ಕ್ರಿಯೆ ತ್ವರಿತವಾಗುತ್ತದೆ.

ತೇವದ ಪ್ರಭಾವ

ಮರವು ನಾರಿನ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕೆ ಬಾರದಷ್ಟು. ನಾರಿಗೆ ಅಡ್ಡಲಾಗಿ ಹಿಗ್ಗುವುದು ಗಣನೀಯ. ದೊಡ್ಡ ಗಿಟಾರೊಂದರ ಫಲಕದ ಅಗಲ ಸುಮಾರು ೪೦ ಸೆಂಟಿಮೀಟರು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ ೫೦ರಿಂದ ೩೦ಕ್ಕೆ ಇಳಿದು ಕೆಲವು ವಾರ ಅಲ್ಲಿಯೇ ನಿಂತರೆ, ಸ್ಪ್ರೂಸ್ ಫಲಕವು ಅಗಲದಲ್ಲಿ ಒಂದೂವರೆಯಿಂದ ಎರಡು ಮಿಲಿಮೀಟರಿನಷ್ಟು ಕುಗ್ಗಲು ಬಯಸುತ್ತದೆ. ಆದರೆ ಅಂಚುಗಳು ಪಕ್ಕಗಳಿಗೆ ಅಂಟಿರುವುದರಿಂದಲೂ, ಆಸರೆಪಟ್ಟಿಗಳು ಅಡ್ಡಲಾಗಿ ಹಿಡಿದಿರುವುದರಿಂದಲೂ ಅದಕ್ಕೆ ಆ ಸ್ವಾತಂತ್ರ್ಯವಿಲ್ಲ.

ವಿಜ್ಞಾನದ ತರಗತಿಯಲ್ಲಿ ಬೋಧಿಸುವ ದ್ವಿಲೋಹ ಪಟ್ಟಿಯ ಉದಾಹರಣೆ ಇಲ್ಲಿ ಸಹಾಯಕ್ಕೆ ಬರುತ್ತದೆ. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದರೆ, ಕಾದಾಗ ಪಟ್ಟಿ ಬಾಗುತ್ತದೆ. ಗಿಟಾರಿನಲ್ಲಿ ಮೇಲಿರುವ ಫಲಕ ಅಡ್ಡಲಾಗಿ ಹಿಗ್ಗುತ್ತದೆ. ಕೆಳಗಿರುವ ಪಟ್ಟಿಯ ನಾರು ಅದರ ಉದ್ದಕ್ಕೆ ಇರುವುದರಿಂದ ಅದು ಹಿಗ್ಗುವುದಿಲ್ಲ. ಹೀಗಾಗಿ ತೇವ ಹೆಚ್ಚಾದಾಗ ಫಲಕ ಉಬ್ಬುತ್ತದೆ, ಕಡಿಮೆಯಾದಾಗ ತಗ್ಗುತ್ತದೆ. ತಗ್ಗುವಿಕೆ ಮಿತಿಮೀರಿದರೆ ನಾರುಗಳ ನಡುವೆ ಸೀಳು ಬೀಳುತ್ತದೆ. ಹೊರಮೈಗೆ ಬಳಿದ ಅರಗು ಈ ಕ್ರಿಯೆಯನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸದು, ಏಕೆಂದರೆ ಒಳಮೈಗೆ ಸಾಮಾನ್ಯವಾಗಿ ಏನನ್ನೂ ಬಳಿದಿರುವುದಿಲ್ಲ.

ಕರ್ನಾಟಕದ ಹವೆಯನ್ನು ಈ ದೃಷ್ಟಿಯಿಂದ ನೋಡಬೇಕು. ಮಳೆಗಾಲದಲ್ಲಿ ಕರಾವಳಿಯ ಆರ್ದ್ರತೆ ಶೇಕಡಾ ೮೦ನ್ನು ಮೀರಿ ನಿಲ್ಲುತ್ತದೆ. ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ವಿಜಯಪುರ, ಕಲಬುರಗಿಗಳ ಕಡೆ ಅದು ಶೇಕಡಾ ೩೦ಕ್ಕಿಂತ ಕೆಳಗಿಳಿಯುವುದುಂಟು. ಉಡುಪಿಯಲ್ಲಿ ಕೊಂಡ ವಾದ್ಯವನ್ನು ಬೇಸಿಗೆಯಲ್ಲಿ ಉತ್ತರದ ಬಯಲಿಗೆ ಒಯ್ದವರು ಅದು ಹೊಸ ಹವೆಗೆ ಒಗ್ಗಿಕೊಳ್ಳುವವರೆಗೆ ಎಚ್ಚರದಿಂದಿರಬೇಕು. ವಿದೇಶಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಿಗೂ ಇದು ಅನ್ವಯಿಸುತ್ತದೆ. ಶೂನ್ಯ ಡಿಗ್ರಿಯಲ್ಲಿ ಶೇಕಡಾ ೮೦ ಆರ್ದ್ರತೆಯುಳ್ಳ ಹೊರಗಿನ ಗಾಳಿಯನ್ನು ಮನೆಯೊಳಗೆ ೨೦ ಡಿಗ್ರಿಗೆ ಕಾಯಿಸಿದರೆ, ಅದರ ಆರ್ದ್ರತೆ ಸುಮಾರು ಶೇಕಡಾ ೨೦ಕ್ಕೆ ಕುಸಿಯುತ್ತದೆ. ಚಳಿದೇಶದ ಬೆಚ್ಚನೆಯ ಕೋಣೆಯೇ ಗಿಟಾರಿಗೆ ಮರುಭೂಮಿಯಾಗುವುದು ಹೀಗೆ.

ಸಹಜ ಬಾಗು, ಅಪಾಯದ ಬಾಗು

ಅನೇಕ ಗಿಟಾರುಗಳ ಫಲಕವನ್ನು ನಿರ್ಮಾಣದಲ್ಲಿಯೇ ಸ್ವಲ್ಪ ಉಬ್ಬಾಗಿ ಮಾಡಿರುತ್ತಾರೆ. ಅಗಲದಲ್ಲಿ ಎರಡು ಮಿಲಿಮೀಟರಿನಷ್ಟು ಉಬ್ಬಿರುವುದು ದೋಷವಲ್ಲ. ಕಮಾನು ಚಪ್ಪಟೆ ಚಾವಣಿಗಿಂತ ಬಲಶಾಲಿಯೆಂಬ ತತ್ವವೇ ಅಲ್ಲಿದೆ. ತಂತಿ ಬಿಗಿದ ಬಳಿಕ ಕುದುರೆಯ ಹಿಂದೆ ಇನ್ನೂ ತುಸು ಏರಿದರೂ ಅದು ಸಹಜವೇ. ಆದ್ದರಿಂದ ಉಬ್ಬು ಕಂಡೊಡನೆ ವಾದ್ಯವನ್ನು ತ್ಯಜಿಸಬಾರದು. ಪರಿಶೀಲಿಸಬೇಕಾದ ಲಕ್ಷಣಗಳು ಬೇರೆ.

ಕುದುರೆಯ ಹಿಂದಿನ ಅಂಚಿನಲ್ಲಿ ತೆಳು ಕಾಗದವೊಂದು ಒಳಸೇರುವುದಾದರೆ ಅಂಟು ಬಿಡುತ್ತಿದೆಯೆಂದು ತಿಳಿಯಬೇಕು. ಫಲಕವನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದಾಗ ಒಂದೆಡೆ ಒಡಕು ಸದ್ದು ಬಂದರೆ ಒಳಗಿನ ಆಸರೆಪಟ್ಟಿ ಸಡಿಲಗೊಂಡಿರಬಹುದು. ಕುದುರೆಯ ಮುಂದೆ ಕಣ್ಣಿಗೆ ಕಾಣುವಷ್ಟು ಹಳ್ಳ ಬಿದ್ದಿದ್ದರೆ, ನಾರಿನ ನೇರಕ್ಕೆ ಕೂದಲೆಳೆಯಂತಹ ಗೆರೆ ಮೂಡಿದ್ದರೆ ಅದು ಅಪಾಯದ ಸೂಚನೆ. ಕುತ್ತಿಗೆಯ ಮೇಲಿನ ಲೋಹದ ಮೆಟ್ಟುಗಳ ತುದಿಗಳು ಕೈಗೆ ಚುಚ್ಚುವಂತಾದರೆ ಮರ ಒಣಗಿ ಕುಗ್ಗಿದೆಯೆಂದು ಅರ್ಥ. ಒಣಗಿದ ವಾದ್ಯದಲ್ಲಿ ತಂತಿಗಳು ತಗ್ಗಿ ಮೆಟ್ಟುಗಳಿಗೆ ತಗುಲಿ ಝೇಂಕರಿಸುತ್ತವೆ. ತೇವ ಹೀರಿದ ವಾದ್ಯದಲ್ಲಿ ತಂತಿಗಳು ಮೇಲೆದ್ದು ಮಕ್ಕಳ ಬೆರಳಿಗೆ ಒತ್ತಲಾಗದಷ್ಟು ಎತ್ತರವಾಗುತ್ತವೆ.

ರಕ್ಷಣೆಯ ಕ್ರಮ

ಗಿಟಾರು ತಯಾರಕರು ಸಾಮಾನ್ಯವಾಗಿ ಶೇಕಡಾ ೪೫ರಿಂದ ೫೫ರ ಆರ್ದ್ರತೆಯನ್ನು ಶಿಫಾರಸು ಮಾಡುತ್ತಾರೆ. ಇಡೀ ಕೊಠಡಿಯನ್ನು ಈ ಮಟ್ಟದಲ್ಲಿಡುವುದು ಶಾಲೆಗೆ ಸಾಧ್ಯವಾಗದಿದ್ದರೂ ವಾದ್ಯದ ಪೆಟ್ಟಿಗೆಯನ್ನು ಇಡುವುದು ಸಾಧ್ಯ. ಮೊದಲಿಗೆ ಆರ್ದ್ರತಾಮಾಪಕವೊಂದು ಬೇಕು. ಅದು ಸರಿಯಾಗಿ ತೋರಿಸುತ್ತಿದೆಯೇ ಎಂಬುದನ್ನು ವಿದ್ಯಾರ್ಥಿಗಳೇ ಪರೀಕ್ಷಿಸಬಹುದು. ಅಡುಗೆ ಉಪ್ಪನ್ನು ನೀರಿನಲ್ಲಿ ಒದ್ದೆಮಾಡಿ, ಮಾಪಕದೊಡನೆ ಬಿಗಿಯಾದ ಡಬ್ಬಿಯೊಳಗೆ, ಒಂದಕ್ಕೊಂದು ತಗುಲದಂತೆ ಒಂದು ದಿನ ಇಟ್ಟರೆ ಒಳಗಿನ ಆರ್ದ್ರತೆ ಶೇಕಡಾ ೭೫ಕ್ಕೆ ಬಂದು ನಿಲ್ಲುತ್ತದೆ. ಮಾಪಕ ಎಷ್ಟು ಹೆಚ್ಚು ಕಡಿಮೆ ತೋರಿಸುತ್ತದೆಯೋ ಅದೇ ಅದರ ದೋಷ.

ಒಣ ತಿಂಗಳುಗಳಲ್ಲಿ, ತೂತುಗಳಿರುವ ಸಾಬೂನಿನ ಡಬ್ಬಿಯಲ್ಲಿ ಒದ್ದೆಮಾಡಿ ಚೆನ್ನಾಗಿ ಹಿಂಡಿದ ಸ್ಪಂಜನ್ನಿಟ್ಟು, ಅದನ್ನು ವಾದ್ಯದ ಪೆಟ್ಟಿಗೆಯೊಳಗೆ, ನೀರು ಮರಕ್ಕೆ ತಾಗದಂತೆ ಇಡಬೇಕು. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಆಗಾಗ ಬದಲಾಯಿಸಬೇಕು. ಪೆಟ್ಟಿಗೆಯನ್ನು ಮಳೆ ಬಡಿಯುವ ಹೊರಗೋಡೆಗೆ ಒರಗಿಸದೆ, ನೆಲದ ಮೇಲಿಡದೆ, ಒಳಕೋಣೆಯ ಹಲಗೆಯ ಮೇಲಿಡುವುದು ಲೇಸು. ತಗಡಿನ ಮಾಡಿನ ಕೆಳಗಿರುವ ಕಬ್ಬಿಣದ ಕಪಾಟು, ಬಿಸಿಲಿನಲ್ಲಿ ನಿಲ್ಲಿಸಿದ ಮೋಟಾರು ಇವೆರಡೂ ವಾದ್ಯಕ್ಕೆ ಶತ್ರುಗಳು. ಮುಚ್ಚಿದ ಮೋಟಾರಿನೊಳಗೆ ಶಾಖವು ೬೦ ಡಿಗ್ರಿಯನ್ನು ಮುಟ್ಟಬಹುದು. ಆ ಬಿಸಿಗೆ ಅಂಟು ಮೆತ್ತಗಾಗಿ ಕುದುರೆ ಜಾರತೊಡಗುತ್ತದೆ.

ನೈಲಾನ್ ತಂತಿಗೆಂದು ರಚಿಸಿದ ಗಿಟಾರಿಗೆ ಉಕ್ಕಿನ ತಂತಿಗಳನ್ನು ಕಟ್ಟಲೇಬಾರದು. ಅದರ ಹಗುರವಾದ ಆಸರೆಗಳು ಹೆಚ್ಚುಕಡಿಮೆ ಎರಡರಷ್ಟು ಎಳೆತವನ್ನು ತಾಳಲಾರವು. ಉಕ್ಕಿನ ತಂತಿಯ ಗಿಟಾರಿಗೂ ತಯಾರಕರು ಸೂಚಿಸಿದುದಕ್ಕಿಂತ ದಪ್ಪವಾದ ತಂತಿಗಳು ಸಲ್ಲವು.

ಬೇಸಿಗೆಯ ರಜೆಯ ವಿಷಯ ವಿಶೇಷ ಗಮನಕ್ಕೆ ಅರ್ಹ. ವರ್ಷದ ಅತ್ಯಂತ ಒಣ ದಿನಗಳಲ್ಲಿಯೇ ಗಿಟಾರು ಪೂರ್ಣ ಶ್ರುತಿಯಲ್ಲಿ, ನೋಡುವವರಿಲ್ಲದೆ, ಬೀಗ ಹಾಕಿದ ಕೊಠಡಿಯಲ್ಲಿ ಉಳಿಯುತ್ತದೆ. ರಜೆಗೆ ಮುನ್ನ ಎಲ್ಲ ತಂತಿಗಳನ್ನೂ ಒಂದೆರಡು ಸ್ವರಸ್ಥಾನಗಳಷ್ಟು ಇಳಿಸಬೇಕು. ಸಂಪೂರ್ಣವಾಗಿ ಬಿಚ್ಚುವುದು ಬೇಡ. ಎಳೆತವಿಲ್ಲದಾಗ ಕುತ್ತಿಗೆಯೊಳಗಿನ ಉಕ್ಕಿನ ಸಲಾಕೆಯು ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಬಹುದು. ವಾರಕ್ಕೊಮ್ಮೆ ಸ್ಪಂಜನ್ನು ಒದ್ದೆಮಾಡುವ ಹೊಣೆಯನ್ನು ಊರಿನಲ್ಲಿಯೇ ಇರುವ ಒಬ್ಬರಿಗೆ ವಹಿಸಬೇಕು.

ಹಾನಿಯಾದ ಬಳಿಕ

ಒಣಗಿ ತಗ್ಗಿದ ಫಲಕವನ್ನು ಬಲವಂತದಿಂದ ಎತ್ತಬಾರದು. ಪೆಟ್ಟಿಗೆಯೊಳಗೆ ಸರಿಯಾದ ಆರ್ದ್ರತೆಯನ್ನು ಕೆಲವು ವಾರ ಕಾಪಾಡಿದರೆ ಅನೇಕ ವೇಳೆ ಅದು ತಾನಾಗಿಯೇ ಪೂರ್ವಸ್ಥಿತಿಗೆ ಬರುತ್ತದೆ. ಸಣ್ಣ ಸೀಳುಗಳೂ ಕೂಡಿಕೊಳ್ಳುತ್ತವೆ. ಆಮೇಲೆಯೇ ಅಂಟು ಹಾಕಿಸಿ, ಒಳಗಿನಿಂದ ಚಿಕ್ಕ ಮರದ ಬಿಲ್ಲೆಗಳ ಆಸರೆ ಕೊಡಿಸಬೇಕು. ಒಣಗಿದ ಸ್ಥಿತಿಯಲ್ಲಿಯೇ ಸೀಳಿಗೆ ಮರದ ಪುಡಿ ತುಂಬಿಸಿದರೆ, ಮಳೆಗಾಲದಲ್ಲಿ ಹಲಗೆ ಹಿಗ್ಗಲು ಎಡೆಯಿಲ್ಲದೆ ಮತ್ತೊಂದೆಡೆ ತೊಂದರೆ ಹುಟ್ಟುತ್ತದೆ. ಕುದುರೆ ಏಳುತ್ತಿದ್ದರೆ ಕೂಡಲೇ ತಂತಿಗಳನ್ನು ಸಡಿಲಿಸಿ ಅನುಭವವುಳ್ಳ ವಾದ್ಯಶಿಲ್ಪಿಗೆ ಒಪ್ಪಿಸಬೇಕು. ಆಗ ಮರುಅಂಟಿಸುವುದರಲ್ಲಿ ಮುಗಿಯುವ ಕೆಲಸ, ತಡಮಾಡಿದರೆ ಫಲಕದ ನಾರುಗಳೇ ಕಿತ್ತುಬರುವವರೆಗೆ ಹೋಗುತ್ತದೆ.

ಸಂಗೀತ ಕೊಠಡಿಯಲ್ಲಿ ಪ್ರತಿಯೊಂದು ವಾದ್ಯಕ್ಕೂ ಒಂದು ಪುಟದ ದಾಖಲೆಯಿದ್ದು, ಪೆಟ್ಟಿಗೆಯ ಆರ್ದ್ರತೆ, ಹನ್ನೆರಡನೆಯ ಮೆಟ್ಟಿನಿಂದ ತಂತಿಯ ಎತ್ತರ, ಕುದುರೆಯ ಹಿಂದಿನ ಉಬ್ಬು ಈ ಮೂರನ್ನು ತಿಂಗಳಿಗೊಮ್ಮೆ ಬರೆದಿಟ್ಟರೆ ಕೇಡು ಕಣ್ಣಿಗೆ ಬೀಳುವ ಮೊದಲೇ ಅಂಕಿಗಳಲ್ಲಿ ಗೋಚರಿಸುತ್ತದೆ. ಇದಕ್ಕೆ ಬೇಕಾದುದು ಒಂದು ಅಳತೆಪಟ್ಟಿ, ಒಂದು ಮಾಪಕ ಮತ್ತು ಹತ್ತು ನಿಮಿಷಗಳ ವ್ಯವಧಾನ. ಹೊಸ ವಾದ್ಯವನ್ನು ಕೊಡುವ ದಾನಿಗಳು ಅದರೊಡನೆ ಗಟ್ಟಿಯಾದ ಪೆಟ್ಟಿಗೆಯನ್ನೂ ಮಾಪಕವನ್ನೂ ಕೊಡುವುದಾದರೆ ಆ ದಾನದ ಫಲ ಇಮ್ಮಡಿಯಾಗುತ್ತದೆ. ಚೆನ್ನಾಗಿ ಕಾಪಾಡಿದ ಗಿಟಾರು ಹಲವು ತಲೆಮಾರುಗಳ ವಿದ್ಯಾರ್ಥಿಗಳ ಕೈಯಲ್ಲಿ ನುಡಿಯಬಲ್ಲದು. ಅದು ನುಡಿಯುವುದೋ ಮೂಲೆ ಸೇರುವುದೋ ಎಂಬುದು ಅದರ ಬೆಲೆಯನ್ನು ಅವಲಂಬಿಸಿಲ್ಲ, ಅದನ್ನು ನೋಡಿಕೊಳ್ಳುವವರ ನಿತ್ಯದ ಎಚ್ಚರವನ್ನು ಅವಲಂಬಿಸಿದೆ.