ಪಾಲ್ ಗ್ರಹಾಂ ಅವರ ನವೋದ್ಯಮ ಚಿಂತನೆಗಳು

ಪಾಲ್ ಗ್ರಹಾಂ (ಜನನ: 1964) ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಗಣಕವಿಜ್ಞಾನಿ, ಉದ್ಯಮಿ ಹಾಗೂ ಪ್ರಬಂಧಕಾರರು. 'ವೈ ಕಾಂಬಿನೇಟರ್' ಎಂಬ ಹೂಡಿಕೆ ಸಂಸ್ಥೆಯ ನಾಲ್ವರು ಸ್ಥಾಪಕರಲ್ಲಿ ಇವರೂ ಒಬ್ಬರು. ಸ್ಟಾರ್ಟಪ್ ಎಂದು ಕರೆಯಲಾಗುವ ನವೋದ್ಯಮಗಳು, ಅವುಗಳಿಗೆ ಹಣ ಒದಗಿಸುವ ಸಾಹಸೋದ್ಯಮ ಬಂಡವಾಳ ಮತ್ತು ತಂತ್ರಾಂಶ ರಚನೆಯ ಕುರಿತು 2001ರಿಂದ ಇವರು ಬರೆದಿರುವ ಪ್ರಬಂಧಗಳು ಯುವ ಉದ್ಯಮಿಗಳ ಮೇಲೆ ಗಾಢ ಪ್ರಭಾವ ಬೀರಿವೆ.

ಹಿನ್ನೆಲೆ

ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರವನ್ನು ಓದಿದ ಗ್ರಹಾಂ, ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಗಣಕವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಆ ಬಳಿಕ ರೋಡ್ ಐಲೆಂಡ್ ಹಾಗೂ ಇಟಲಿಯ ಫ್ಲಾರೆನ್ಸ್‌ನ ಕಲಾಶಾಲೆಗಳಲ್ಲಿ ಚಿತ್ರಕಲೆಯನ್ನು ಅಭ್ಯಾಸ ಮಾಡಿದರು. 2004ರಲ್ಲಿ ಪ್ರಕಟವಾದ ಇವರ 'ಹ್ಯಾಕರ್ಸ್ ಅಂಡ್ ಪೇಂಟರ್ಸ್' ಪ್ರಬಂಧಸಂಕಲನದ ಹೆಸರಿಗೆ ಈ ಎರಡು ಬಗೆಯ ಶಿಕ್ಷಣವೇ ಮೂಲ. ತಂತ್ರಾಂಶ ಬರೆಯುವವನೂ ಚಿತ್ರಕಾರನಂತೆ ಹೊಸದನ್ನು ಸೃಷ್ಟಿಸುವವನು, ಮಾಡುತ್ತ ಮಾಡುತ್ತಲೇ ತಿದ್ದಿಕೊಳ್ಳುವವನು ಎಂಬುದು ಅದರ ತಿರುಳು.

1995ರಲ್ಲಿ ಗ್ರಹಾಂ ಅವರು ರಾಬರ್ಟ್ ಮಾರಿಸ್ ಅವರೊಡನೆ 'ವಯಾವೆಬ್' ಕಂಪನಿಯನ್ನು ಆರಂಭಿಸಿದರು. ವ್ಯಾಪಾರಿಗಳು ತಮ್ಮ ಅಂತರ್ಜಾಲ ಮಳಿಗೆಯನ್ನು ತಾವೇ ಕಟ್ಟಿಕೊಳ್ಳಲು ನೆರವಾಗುವ ತಂತ್ರಾಂಶವದು. ಕಂಪ್ಯೂಟರಿಗೆ ಅದನ್ನು ಅಳವಡಿಸಿಕೊಳ್ಳಬೇಕಾಗಿರಲಿಲ್ಲ, ಬ್ರೌಸರ್ ಮೂಲಕವೇ ಬಳಸಬಹುದಾಗಿತ್ತು. ಇಂದು ಇದು ಸಾಮಾನ್ಯ ಸಂಗತಿಯಾದರೂ ಅಂದು ತೀರ ಹೊಸದು. ಆರಂಭದಲ್ಲಿ ಪರಿಚಿತರೊಬ್ಬರು 10,000 ಡಾಲರ್ ಜೊತೆಗೆ ಕಾನೂನು ನೆರವನ್ನೂ ವ್ಯವಹಾರದ ಸಲಹೆಯನ್ನೂ ನೀಡಿ, ಶೇ. 10ರಷ್ಟು ಪಾಲು ಪಡೆದರು. 1998ರಲ್ಲಿ ಯಾಹೂ ಸಂಸ್ಥೆಯು ಸುಮಾರು 4.9 ಕೋಟಿ ಡಾಲರ್ ಮೌಲ್ಯದ ಷೇರುಗಳನ್ನು ಕೊಟ್ಟು ವಯಾವೆಬ್ ಅನ್ನು ಕೊಂಡುಕೊಂಡಿತು.

ಸಾಹಸೋದ್ಯಮ ಬಂಡವಾಳದ ವಿಮರ್ಶೆ

ಗ್ರಹಾಂ ಅವರ ಬರಹಗಳಲ್ಲಿ ಹೆಚ್ಚು ಚರ್ಚೆಗೆ ಒಳಗಾದುದು ಈ ಭಾಗ. ಸಾಹಸೋದ್ಯಮ ಬಂಡವಾಳ ಸಂಸ್ಥೆಗಳು ಹೂಡುವುದು ಬಹುಪಾಲು ಇತರರ ಹಣವನ್ನು. ಪಿಂಚಣಿ ನಿಧಿಗಳು, ವಿಶ್ವವಿದ್ಯಾಲಯಗಳ ದತ್ತಿನಿಧಿಗಳು ಮೊದಲಾದವು ಈ ಹಣವನ್ನು ಒದಗಿಸುತ್ತವೆ. ಅದನ್ನು ನಿರ್ವಹಿಸುವವರಿಗೆ ಸಾಮಾನ್ಯವಾಗಿ ನಿಧಿಯ ಮೊತ್ತದ ಶೇ. 2ರಷ್ಟು ವಾರ್ಷಿಕ ಶುಲ್ಕವೂ ಲಾಭದಲ್ಲಿ ಶೇ. 20ರಷ್ಟು ಪಾಲೂ ದೊರೆಯುತ್ತವೆ. ನಿಧಿ ದೊಡ್ಡದಾದಷ್ಟೂ ಶುಲ್ಕ ದೊಡ್ಡದು. 2005ರ ಒಂದು ಪ್ರಬಂಧದಲ್ಲಿ ಗ್ರಹಾಂ, ಉದ್ಯಮಿಗಳನ್ನು ಕಾಡುವ ಹಲವು ತೊಂದರೆಗಳ ಬೇರನ್ನು ಇಲ್ಲಿಯೇ ಗುರುತಿಸಿದರು. ದೊಡ್ಡ ನಿಧಿಯನ್ನು ಸಣ್ಣ ಸಣ್ಣ ಮೊತ್ತಗಳಲ್ಲಿ ಹಂಚಲು ವ್ಯವಧಾನವಿಲ್ಲದ ಹೂಡಿಕೆದಾರರು ಒಂದೊಂದು ಕಂಪನಿಗೂ ಅದಕ್ಕೆ ಬೇಕಾದುದಕ್ಕಿಂತ ಹೆಚ್ಚು ಹಣ ಕೊಡಬಯಸುತ್ತಾರೆ. ಮೊತ್ತ ದೊಡ್ಡದಾದ್ದರಿಂದ ಭಯವೂ ದೊಡ್ಡದು. ಆದಕಾರಣ ನಿರ್ಧಾರಕ್ಕೆ ತಿಂಗಳುಗಟ್ಟಲೆ ಕಾಯಿಸುತ್ತಾರೆ, ಹಣ ಕೊಟ್ಟ ಮೇಲೆ ಆಡಳಿತ ಮಂಡಳಿಯಲ್ಲಿ ಸ್ಥಾನ ಬಯಸುತ್ತಾರೆ, ಕೆಲವೊಮ್ಮೆ ಸ್ಥಾಪಕರ ಜಾಗಕ್ಕೆ ಅನುಭವಿ ವ್ಯವಸ್ಥಾಪಕರನ್ನು ತರುತ್ತಾರೆ. ವ್ಯಕ್ತಿಗಳ ಕೆಟ್ಟತನಕ್ಕಿಂತ ಸಂಭಾವನೆಯ ರಚನೆಯೇ ಇದಕ್ಕೆ ಕಾರಣ ಎಂಬ ಈ ವಾದದಲ್ಲಿ ಹುರುಳಿದೆ.

ಈ ವಿಮರ್ಶೆಯ ಬೆನ್ನಿಗೇ, ಅದೇ 2005ರಲ್ಲಿ, ಜೆಸ್ಸಿಕಾ ಲಿವಿಂಗ್‌ಸ್ಟನ್, ರಾಬರ್ಟ್ ಮಾರಿಸ್ ಮತ್ತು ಟ್ರೆವರ್ ಬ್ಲ್ಯಾಕ್‌ವೆಲ್ ಅವರೊಡಗೂಡಿ ಗ್ರಹಾಂ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ವೈ ಕಾಂಬಿನೇಟರ್ ಸ್ಥಾಪಿಸಿದರು. ಸಣ್ಣ ಮೊತ್ತ, ಸಣ್ಣ ಪಾಲು, ಶೀಘ್ರ ನಿರ್ಧಾರ, ಹಲವು ತಂಡಗಳಿಗೆ ಒಟ್ಟಿಗೆ ಮೂರು ತಿಂಗಳ ಮಾರ್ಗದರ್ಶನ: ಇದು ಅದರ ಕ್ರಮ. ವಯಾವೆಬ್‌ಗೆ ಅಂದು ದೊರೆತ ನೆರವೇ ಇದಕ್ಕೆ ಮಾದರಿ. ಮೊದಲ ಬೇಸಗೆಯ ಎಂಟು ತಂಡಗಳಲ್ಲಿ 'ರೆಡ್ಡಿಟ್' ಕೂಡ ಒಂದು.

ಬೆಳವಣಿಗೆ ಮತ್ತು ಅಪರೂಪದ ಗೆಲುವು

ಹೊಸದಾಗಿ ಆರಂಭವಾದ ಪ್ರತಿಯೊಂದು ವ್ಯಾಪಾರವೂ ಸ್ಟಾರ್ಟಪ್ ಅಲ್ಲ. ಬಹುವೇಗವಾಗಿ ಬೆಳೆಯಲೆಂದೇ ರೂಪುಗೊಂಡ ಕಂಪನಿ ಮಾತ್ರ ಸ್ಟಾರ್ಟಪ್ ಎಂದು ಗ್ರಹಾಂ 2012ರಲ್ಲಿ ವ್ಯಾಖ್ಯಾನಿಸಿದರು. ಕ್ಷೌರದಂಗಡಿ ಹೊಸದಾಗಿದ್ದರೂ ಸ್ಟಾರ್ಟಪ್ ಆಗಲಾರದು, ಏಕೆಂದರೆ ಅದರ ಸೇವೆಯನ್ನು ಊರೂರಿಗೆ ಒಂದೇ ಸಲ ತಲುಪಿಸಲಾಗದು. ವಾರಕ್ಕೆ ಶೇ. 1ರಂತೆ ಬೆಳೆಯುವ ಕಂಪನಿ ವರ್ಷದಲ್ಲಿ 1.7 ಪಟ್ಟು ಆಗುತ್ತದೆ, ಶೇ. 5ರಂತೆ ಬೆಳೆದರೆ 12.6 ಪಟ್ಟು, ಶೇ. 10ರಂತೆ ಬೆಳೆದರೆ 142 ಪಟ್ಟು. ಚಕ್ರಬಡ್ಡಿಯ ಲೆಕ್ಕ ಮಾಡಿದವರಿಗೆ ಇದು ಹೊಸತಲ್ಲ, ಆದರೆ ವಾರದ ಲೆಕ್ಕವನ್ನೇ ದಿಕ್ಸೂಚಿಯಾಗಿ ಇಟ್ಟುಕೊಳ್ಳಬೇಕೆಂದು ಹೇಳಿದ್ದು ಹೊಸತು.

ಅದೇ ವರ್ಷದ ಇನ್ನೊಂದು ಪ್ರಬಂಧದಲ್ಲಿ, ತಾವು ಹಣ ಹೂಡಿದ ಕಂಪನಿಗಳ ಒಟ್ಟು ಮೌಲ್ಯ ಸುಮಾರು 1,000 ಕೋಟಿ ಡಾಲರ್ ಎಂದೂ ಅದರ ಮುಕ್ಕಾಲು ಭಾಗ ಡ್ರಾಪ್‌ಬಾಕ್ಸ್ ಮತ್ತು ಏರ್‌ಬಿಎನ್‌ಬಿ ಎಂಬ ಎರಡೇ ಕಂಪನಿಗಳದೆಂದೂ ಅವರು ತಿಳಿಸಿದರು. ಉತ್ತಮ ಯೋಜನೆಗಳು ಮೊದಲ ನೋಟಕ್ಕೆ ಕೆಟ್ಟ ಯೋಜನೆಗಳಂತೆಯೇ ತೋರುತ್ತವೆ. ಅಪರಿಚಿತರ ಮನೆಯಲ್ಲಿ ತಂಗುವ ಏರ್‌ಬಿಎನ್‌ಬಿಯ ಕಲ್ಪನೆಯೂ ಹಾಗೆಯೇ ತೋರಿತ್ತು. ಅದರ ಸ್ಥಾಪಕರು ಆರಂಭದಲ್ಲಿ ನ್ಯೂಯಾರ್ಕ್‌ನ ಮನೆಮನೆಗೆ ತೆರಳಿ ಆತಿಥೇಯರಿಗೆ ನೆರವಾದುದನ್ನು ಗ್ರಹಾಂ 2013ರಲ್ಲಿ ಉದಾಹರಿಸಿ, ಮೊದಲ ಗ್ರಾಹಕರನ್ನು ಒಬ್ಬೊಬ್ಬರಾಗಿ ಕೈಯಾರೆ ಗಳಿಸಬೇಕೆಂದು ವಾದಿಸಿದರು.

ತಂತ್ರಜ್ಞಾನ

ವಯಾವೆಬ್‌ನ ಬಹುಭಾಗವನ್ನು ಲಿಸ್ಪ್ ಎಂಬ ಗಣಕಭಾಷೆಯಲ್ಲಿ ಬರೆಯಲಾಗಿತ್ತು. ಹೆಚ್ಚು ಜನ ಬಳಸುವ ಭಾಷೆಯೇ ಮೇಲೆಂಬ ನಂಬಿಕೆ ಸಲ್ಲದು, ಸಮರ್ಥವಾದ ಭಾಷೆ ಸಣ್ಣ ತಂಡಕ್ಕೆ ಬಲ ನೀಡುತ್ತದೆ ಎಂದು ಅವರು 2001ರಲ್ಲಿ ಬರೆದರು. 2002ರಲ್ಲಿ ಸಂಭವನೀಯತೆಯ ಗಣಿತದಿಂದ ಅನಪೇಕ್ಷಿತ ಮಿಂಚಂಚೆಗಳನ್ನು ಬೇರ್ಪಡಿಸುವ ವಿಧಾನವನ್ನು ವಿವರಿಸಿದರು.

ಟೀಕೆಗಳು

ನವೋದ್ಯಮಗಳು ಆರ್ಥಿಕ ಅಸಮಾನತೆಯನ್ನು ಹೆಚ್ಚಿಸುವುದು ಸಹಜವೆಂದೂ, ಅಸಮಾನತೆಯನ್ನೇ ಗುರಿಯಾಗಿಸುವ ಬದಲು ಬಡತನದಂತಹ ನಿರ್ದಿಷ್ಟ ಸಮಸ್ಯೆಗಳನ್ನು ಎದುರಿಸಬೇಕೆಂದೂ ಅವರು 2016ರಲ್ಲಿ ಬರೆದುದು ತೀವ್ರ ಆಕ್ಷೇಪಕ್ಕೆ ಗುರಿಯಾಯಿತು. ಸಂಪತ್ತಿನ ಕೇಂದ್ರೀಕರಣವೇ ರಾಜಕೀಯ ಅಧಿಕಾರವನ್ನು ಕೆಲವರ ಕೈಗೆ ಒಪ್ಪಿಸುತ್ತದೆ ಎಂಬುದು ವಿಮರ್ಶಕರ ಮುಖ್ಯ ವಾದ. ಗೆದ್ದ ಕಂಪನಿಗಳಿಂದಲೇ ಪಾಠ ಕಲಿಯುವ ಕ್ರಮವೂ ಪ್ರಶ್ನಾರ್ಹ. ಅದೇ ದಾರಿಯಲ್ಲಿ ನಡೆದು ಸೋತವರ ಕಥೆ ಈ ಪ್ರಬಂಧಗಳಲ್ಲಿ ಕಡಿಮೆ.

ಗ್ರಹಾಂ 2014ರಲ್ಲಿ ವೈ ಕಾಂಬಿನೇಟರ್‌ನ ಮುಖ್ಯಸ್ಥಾನವನ್ನು ಸ್ಯಾಮ್ ಆಲ್ಟ್‌ಮನ್ ಅವರಿಗೆ ವಹಿಸಿಕೊಟ್ಟರು. ಬೆಂಗಳೂರಿನ ರೇಜರ್‌ಪೇ, ಮೀಶೋ ಮತ್ತು ಗ್ರೋ ಕಂಪನಿಗಳು ಆ ಬಳಿಕದ ವರ್ಷಗಳಲ್ಲಿ ಈ ಸಂಸ್ಥೆಯ ಹೂಡಿಕೆ ಪಡೆದವು.