ಮುಕ್ತ ತಂತ್ರಾಂಶ ತರಬೇತಿಯ ಮೂಲಕ ಸ್ವಯಂ ಉದ್ಯೋಗ: ಅರ್ಜಿದಾರರಿಗೆ ಮಾಹಿತಿ

ಜಮಖಂಡಿ ತಾಲ್ಲೂಕಿನ ತುಬಚಿ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಗಣಕಯಂತ್ರ ತರಬೇತಿ ಕೇಂದ್ರವನ್ನು ಆರಂಭಿಸಲು ಇಚ್ಛಿಸುವ ಯುವಜನರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಮುಕ್ತ ತಂತ್ರಾಂಶ ಎಂದರೇನು?

ಯಾರು ಬೇಕಾದರೂ ಬಳಸಲು, ಪರಿಶೀಲಿಸಲು, ಮಾರ್ಪಡಿಸಲು ಮತ್ತು ಹಂಚಲು ಪರವಾನಗಿ ನೀಡಿರುವ ತಂತ್ರಾಂಶವೇ ಮುಕ್ತ ತಂತ್ರಾಂಶ. ಲಿನಕ್ಸ್ ಆಧಾರಿತ ಉಬುಂಟು ಮತ್ತು ಕಛೇರಿ ಕೆಲಸಗಳಿಗೆ ಬಳಸುವ ಲಿಬ್ರೆಆಫೀಸ್ ಇದಕ್ಕೆ ಉದಾಹರಣೆಗಳು. ಲಿನಕ್ಸ್‌ನಲ್ಲಿ ಕನ್ನಡದ ಕಗಪ ಕೀಲಿಮಣೆ ವಿನ್ಯಾಸವೂ ಲಭ್ಯವಿದೆ. ಕರ್ನಾಟಕದ ಶಿಕ್ಷಣ ಇಲಾಖೆಯು 2011ರಲ್ಲಿ ಆರಂಭಿಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಇಂತಹ ತಂತ್ರಾಂಶಗಳನ್ನು ಬಳಸಲಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳೂ ಕೇರಳ ಸರ್ಕಾರದ ಪಠ್ಯಕ್ರಮದಡಿ ಇವುಗಳನ್ನೇ ಕಲಿಯುತ್ತಾರೆ.

ಉಚಿತ ತಂತ್ರಾಂಶವನ್ನು ಕಲಿಸಲು ಶುಲ್ಕ ಪಡೆಯಬಹುದೇ?

ಪಡೆಯಬಹುದು. ಲಿನಕ್ಸ್ ಮುಂತಾದವುಗಳಿಗೆ ಅನ್ವಯಿಸುವ ಜಿಪಿಎಲ್ ಪರವಾನಗಿಯು ಪ್ರತಿಗಳಿಗೂ ನೆರವು ಸೇವೆಗೂ ಶುಲ್ಕ ಪಡೆಯಲು ಅವಕಾಶ ನೀಡುತ್ತದೆ. ವಿದ್ಯಾರ್ಥಿಯು ಹಣ ನೀಡುವುದು ತಂತ್ರಾಂಶಕ್ಕಲ್ಲ, ಬೋಧಕರ ಶ್ರಮ ಮತ್ತು ಸಮಯಕ್ಕೆ. ವಿದ್ಯಾರ್ಥಿಯು ತಂತ್ರಾಂಶದ ಪ್ರತಿಯನ್ನು ಮನೆಗೆ ಒಯ್ದು ಅಭ್ಯಾಸ ಮಾಡಬಹುದು. ಇದಕ್ಕೆ ಪ್ರತಿಯಾಗಿ, ಖರೀದಿಸದ ವಾಣಿಜ್ಯ ತಂತ್ರಾಂಶದ ಕಳ್ಳಪ್ರತಿಯನ್ನು ತಿಳಿದೂ ಗಣಕಯಂತ್ರದಲ್ಲಿ ಬಳಸುವುದು ಕೃತಿಸ್ವಾಮ್ಯ ಅಧಿನಿಯಮ, 1957ರ ಕಲಂ 63ಬಿ ಅನ್ವಯ ಅಪರಾಧವಾಗಿದೆ. ಇದಕ್ಕೆ 7 ದಿನಗಳಿಂದ 3 ವರ್ಷಗಳವರೆಗೆ ಕಾರಾವಾಸ ಮತ್ತು ರೂ. 50,000ದಿಂದ ರೂ. 2 ಲಕ್ಷದವರೆಗೆ ದಂಡ ವಿಧಿಸಬಹುದಾಗಿದೆ.

ಕಲಿಯುವವರು ಯಾರು?

1. ಪಹಣಿ, ಸೇವಾ ಸಿಂಧು ಮುಂತಾದ ಸೇವೆಗಳನ್ನು ತಾವೇ ಪಡೆಯಬಯಸುವ ರೈತರು.
2. ಕಬ್ಬು ಬೆಳೆಯ ಖರ್ಚುವೆಚ್ಚವನ್ನು ಲೆಕ್ಕ ಹಾಕಬಯಸುವ ಬೆಳೆಗಾರರು. ನೂಲು, ಕೂಲಿ ಮತ್ತು ಸೀರೆಗಳ ಲೆಕ್ಕವನ್ನು ಇಡಬೇಕಾದ ರಬಕವಿ-ಬನಹಟ್ಟಿಯ ನೇಕಾರರು.
3. ಸ್ವಸಹಾಯ ಸಂಘಗಳ ಪ್ರತಿನಿಧಿಗಳು, ವಿದ್ಯಾರ್ಥಿಗಳು ಮತ್ತು ಉದ್ಯೋಗಾಕಾಂಕ್ಷಿಗಳು.

ಆದಾಯದ ಲೆಕ್ಕ

ಹಣ ಹೂಡುವ ಮುನ್ನ ಅರ್ಜಿದಾರರು ಸ್ವತಃ ಲೆಕ್ಕ ಹಾಕತಕ್ಕದ್ದು. ಮಾದರಿಗಾಗಿ: 8 ಜನರ 3 ತಂಡಗಳು, ತಲಾ ಮಾಸಿಕ ಶುಲ್ಕ ರೂ. 500 ಆದಲ್ಲಿ ಒಟ್ಟು ಆದಾಯ ರೂ. 12,000. ಇದರಲ್ಲಿ ಬಾಡಿಗೆ, ವಿದ್ಯುತ್, ಅಂತರಜಾಲ, ದುರಸ್ತಿ ಮತ್ತು ಸಾಲದ ಕಂತುಗಳನ್ನು ಕಳೆಯಬೇಕು. ಕಬ್ಬು ಕಟಾವಿನ ಸಮಯದಲ್ಲಿ ಹಾಜರಾತಿ ಕಡಿಮೆಯಾಗುವ ಸಾಧ್ಯತೆಯಿರುವುದರಿಂದ, ಆರಂಭದಲ್ಲಿ ಹಳೆಯ ಗಣಕಯಂತ್ರಗಳನ್ನು ಬಳಸಿ ಅಲ್ಪ ಬಂಡವಾಳದಲ್ಲಿ ಕೇಂದ್ರ ನಡೆಸುವುದು ಸೂಕ್ತ. ತಂತ್ರಾಂಶಕ್ಕೆ ಖರ್ಚು ಇಲ್ಲದಿರುವುದು ಇಲ್ಲಿ ದೊಡ್ಡ ಅನುಕೂಲ.

ನೋಂದಣಿ ಮತ್ತು ಸಾಲ ಸೌಲಭ್ಯ

1. ಉದ್ಯಮ್ ನೋಂದಣಿ: 2020ರ ಜುಲೈ 1ರಿಂದ ಜಾರಿಯಲ್ಲಿದೆ. ಆಧಾರ್ ಸಂಖ್ಯೆಯ ಆಧಾರದ ಮೇಲೆ ಸ್ವಯಂ ಘೋಷಣೆಯ ಮೂಲಕ ಪಡೆಯಬಹುದು. ನೋಂದಣಿಗೆ ಯಾವುದೇ ಸರ್ಕಾರಿ ಶುಲ್ಕವಿರುವುದಿಲ್ಲ. ಮಧ್ಯವರ್ತಿಗಳಿಗೆ ಹಣ ನೀಡಬಾರದು.
2. ಮುದ್ರಾ ಸಾಲ: 2015ರಲ್ಲಿ ಆರಂಭವಾದ ಈ ಯೋಜನೆಯ ಶಿಶು ವರ್ಗದಲ್ಲಿ ರೂ. 50,000ವರೆಗೆ, ಕಿಶೋರ್ ವರ್ಗದಲ್ಲಿ ರೂ. 5 ಲಕ್ಷದವರೆಗೆ ಬ್ಯಾಂಕುಗಳಿಂದ ಆಧಾರರಹಿತ ಸಾಲ ಪಡೆಯಬಹುದು. ಮಂಜೂರಾತಿಯು ಬ್ಯಾಂಕಿನ ಪರಿಶೀಲನೆಗೆ ಒಳಪಟ್ಟಿರುತ್ತದೆ.
3. ಸ್ಥಳೀಯ ಪರವಾನಗಿ: ಸಂಬಂಧಪಟ್ಟ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸತಕ್ಕದ್ದು.

ಗಮನಿಸಬೇಕಾದ ಅಂಶಗಳು

ಕೇಂದ್ರವು ತಾನೇ ನೀಡುವ ಪ್ರಮಾಣಪತ್ರವನ್ನು ಸರ್ಕಾರಿ ಪ್ರಮಾಣಪತ್ರವೆಂದು ಬಿಂಬಿಸಬಾರದು. ಉದ್ಯೋಗ ಖಚಿತವೆಂಬ ಭರವಸೆ ನೀಡಬಾರದು. ಹಲವು ಕಛೇರಿಗಳಲ್ಲಿ ಬೇರೆ ತಂತ್ರಾಂಶಗಳು ಬಳಕೆಯಲ್ಲಿರುವುದನ್ನು ಪ್ರವೇಶದ ಸಮಯದಲ್ಲಿಯೇ ತಿಳಿಸಿ, ಎರಡರ ವ್ಯತ್ಯಾಸವನ್ನೂ ಕಲಿಸತಕ್ಕದ್ದು. ಶುಲ್ಕಕ್ಕೆ ರಸೀದಿ ನೀಡುವುದು ಕಡ್ಡಾಯವೆಂದು ಭಾವಿಸತಕ್ಕದ್ದು. ಕೂಲಿಯ ಹಣದಿಂದ ಶುಲ್ಕ ಕಟ್ಟುವ ಕುಟುಂಬಗಳ ನಂಬಿಕೆಯೇ ಇಂತಹ ಕೇಂದ್ರದ ನಿಜವಾದ ಬಂಡವಾಳವಾಗಿದೆ.

ಹೆಚ್ಚಿನ ಮಾಹಿತಿಗಾಗಿ ಬಾಗಲಕೋಟೆಯ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಅಥವಾ ಸಮೀಪದ ಬ್ಯಾಂಕ್ ಶಾಖೆಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.