ಅಡುಗೆಮನೆಯ ರೇಡಿಯೋಗೆ ಹಾಡು ಆರಿಸುವವರು ಯಾರು?

ಬೆಳಗ್ಗೆ ಏಳೂವರೆ ಗಂಟೆ. ಒಂದು ಒಲೆಯ ಮೇಲೆ ಹಾಲು, ಇನ್ನೊಂದರ ಮೇಲೆ ಉಪ್ಪಿಟ್ಟಿನ ಒಗ್ಗರಣೆ. ಮಕ್ಕಳ ಡಬ್ಬಿ ಇನ್ನೂ ತುಂಬಿಲ್ಲ, ಯಜಮಾನರಿಗೆ ಬಸ್ಸಿನ ಹೊತ್ತಾಯಿತು. ಈ ಗಡಿಬಿಡಿಯ ನಡುವೆ ನಿಮಗೆ ಜೊತೆ ಯಾರು ಹೇಳಿ? ಕಿಟಕಿಯ ಪಕ್ಕದ ಪುಟ್ಟ ರೇಡಿಯೋ ಅಲ್ಲವೇ? ಕೆಲವರ ಮನೆಯಲ್ಲಿ ಈಗ ಅದು ಮೊಬೈಲಿನೊಳಗೆ ಸೇರಿಕೊಂಡಿರಬಹುದು. ಆದರೂ ಕೆಲಸ ಅದೇ!

ಮೊನ್ನೆ ದೊಡ್ಡಬಳ್ಳಾಪುರದ ನಮ್ಮ ಅತ್ತಿಗೆಯ ಮನೆಗೆ ಹೋಗಿದ್ದೆ. ಪಕ್ಕದ ಮನೆಯ ಮಗ್ಗದ ಸದ್ದಿನ ಜೊತೆಗೆ ರೇಡಿಯೋ ಸದ್ದೂ ಜೋರಾಗಿತ್ತು. ಅತ್ತಿಗೆ ಒಂದು ಸ್ಟೇಷನ್ ತಿರುಗಿಸಿದರು, ಇನ್ನೊಂದು ತಿರುಗಿಸಿದರು, ಕೊನೆಗೆ ಕೈಯಲ್ಲಿ ಸೌಟು ಹಿಡಿದೇ ಕೇಳಿದರು: "ಅಲ್ಲ ಕಣೇ, ಇಷ್ಟೊಂದು ಸ್ಟೇಷನ್ ಇದಾವೆ, ಎಲ್ಲದರಲ್ಲೂ ಅದದೇ ಹಾಡು ಯಾಕೆ ಹಾಕ್ತಾರೆ? ನಮ್ಮ ಕಾಲದ ಹಾಡು ಕೇಳೋರು ಯಾರೂ ಉಳಿದೇ ಇಲ್ವಾ?"

ನಿಮಗೂ ಹೀಗೆ ಅನ್ನಿಸಿರಬಹುದು. ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗೋಣ, ಬನ್ನಿ.

ಸಿಲೋನ್ ಕಲಿಸಿದ ಪಾಠ

ಹಾಡಿಗಾಗಿ ಕೇಳುಗರು ಸ್ಟೇಷನ್ ಬದಲಾಯಿಸುವುದು ಹೊಸದೇನಲ್ಲ. 1952ರಲ್ಲಿ ಬಿ.ವಿ. ಕೇಸ್ಕರ್ ಅವರು ವಾರ್ತಾ ಮತ್ತು ಪ್ರಸಾರ ಸಚಿವರಾದರು. ಶಾಸ್ತ್ರೀಯ ಸಂಗೀತವೇ ಜನರಿಗೆ ಒಳ್ಳೆಯದು ಎಂಬುದು ಅವರ ನಿಲುವು. ಆಕಾಶವಾಣಿಯಲ್ಲಿ ಚಿತ್ರಗೀತೆಗಳು ಬಹುಮಟ್ಟಿಗೆ ಮಾಯವಾದವು. ಜನ ಸುಮ್ಮನೆ ಕೂತರೇ? ರೇಡಿಯೋದ ಮುಳ್ಳು ತಿರುಗಿಸಿ ಸಮುದ್ರದಾಚೆಯ ರೇಡಿಯೋ ಸಿಲೋನ್ ಹಿಡಿದರು! ಅದೇ ವರ್ಷ ಅಲ್ಲಿ ಅಮೀನ್ ಸಯಾನಿಯವರ 'ಬಿನಾಕಾ ಗೀತ್‌ಮಾಲಾ' ಶುರುವಾಗಿ ಮನೆಮನೆಯ ಮಾತಾಯಿತು. ಕೊನೆಗೆ ಆಕಾಶವಾಣಿಯೇ ಸೋತು, 1957ರ ಅಕ್ಟೋಬರ್ 3ರಂದು ಚಿತ್ರಗೀತೆಗಳಿಗೆ ಬಾಗಿಲು ತೆರೆದು ವಿವಿಧ ಭಾರತಿಯನ್ನು ಆರಂಭಿಸಿತು. ಮುಳ್ಳು ತಿರುಗಿಸುವ ಬೆರಳಿಗೆ ಎಷ್ಟು ಶಕ್ತಿ ನೋಡಿ!

ಬೆಂಗಳೂರಿನ ಪೈಪೋಟಿ

ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. 2001ರ ಜುಲೈ 3ರಂದು ರೇಡಿಯೋ ಸಿಟಿ ಮಾತಾಡತೊಡಗಿತು. ಆ ಮೊದಲ ವರ್ಷಗಳಲ್ಲಿ ಅಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳದೇ ಮೇಲುಗೈ. ಕನ್ನಡ ಊಟದೆಲೆಯ ತುದಿಯ ಉಪ್ಪಿನಕಾಯಿಯಷ್ಟೆ. ದುಡ್ಡು ಖರ್ಚು ಮಾಡುವವರು ನಗರದ ಯುವಜನ, ಅವರಿಗೆ ಬೇಕಾದದ್ದು ಅದೇ ಎಂಬ ಎಣಿಕೆ.

ಆಗ ಪರವಾನಗಿ ಶುಲ್ಕವೂ ಭಾರಿ. ಲಾಭ ಬರಲಿ ಬಿಡಲಿ, ಕಟ್ಟಲೇಬೇಕು. ವರ್ಷವರ್ಷವೂ ಶೇಕಡಾ 15ರಷ್ಟು ಏರುತ್ತಿತ್ತು. 2005ರಲ್ಲಿ ನಿಯಮ ಬದಲಾಯಿತು. ಆರಂಭದಲ್ಲಿ ಒಮ್ಮೆ ಪ್ರವೇಶ ಶುಲ್ಕ, ಆಮೇಲೆ ಆದಾಯದಲ್ಲಿ ಶೇಕಡಾ 4ರ ಪಾಲು ಎಂದಾಯಿತು. 2006-07ರ ಸುಮಾರಿಗೆ ಮಿರ್ಚಿ, ಬಿಗ್, ಎಸ್ ಎಫ್.ಎಂ., ರೇಡಿಯೋ ಒನ್, ಫೀವರ್, ಇಂಡಿಗೋ ಎಂದು ಸಾಲಾಗಿ ಸ್ಟೇಷನ್‌ಗಳು ಬಂದವು.

ಒಂದೇ ಬೀದಿಯಲ್ಲಿ ಏಳು ಬಟ್ಟೆ ಅಂಗಡಿ ತೆರೆದರೆ ಏನಾಗುತ್ತದೆ? ಒಬ್ಬರು ರೇಷ್ಮೆ, ಒಬ್ಬರು ನೂಲು ಎಂದು ಹಂಚಿಕೊಳ್ಳಬೇಕಾಗುತ್ತದೆ. ಇಲ್ಲೂ ಹಾಗೇ ಆಯಿತು. ಇಂಡಿಗೋ ಇಂಗ್ಲಿಷ್ ಹಾಡುಗಳನ್ನು ಹಿಡಿಯಿತು. ಮಿರ್ಚಿ, ಬಿಗ್ ಮೊದಲಾದವು ಕನ್ನಡ ಚಿತ್ರಗೀತೆಗಳನ್ನು ನೆಚ್ಚಿದವು. ಅದೇ ಹೊತ್ತಿಗೆ, 2006ರ ಡಿಸೆಂಬರ್ 29ರಂದು 'ಮುಂಗಾರು ಮಳೆ' ತೆರೆಕಂಡಿತು. ಮನೋಮೂರ್ತಿಯವರ ಸಂಗೀತದ ಆ ಹಾಡುಗಳನ್ನು ಕೇಳದ ಕಿವಿ ಇತ್ತೇ? ಕನ್ನಡ ಹಾಡಿಗೆ ಬೆಂಗಳೂರಿನಲ್ಲಿ ಗಿರಾಕಿಯಿಲ್ಲ ಎನ್ನುವ ಮಾತು ಅಲ್ಲಿಗೆ ಮುಗಿಯಿತು. ಹಿಂದಿಯನ್ನೇ ನೆಚ್ಚಿದ್ದ ಕೆಲವರೂ ಬರುಬರುತ್ತಾ ಕನ್ನಡದ ಕಡೆ ತಿರುಗಿದರು.

ಮಾರಾಟವಾಗುವುದು ಹಾಡಲ್ಲ!

ಇಲ್ಲೊಂದು ಗುಟ್ಟು ಹೇಳುತ್ತೇನೆ. ಹಾಡು ಕೇಳಲು ನಾವು ದುಡ್ಡು ಕೊಡುವುದಿಲ್ಲ. ಕೊಡುವವರು ಜಾಹೀರಾತಿನವರು: ಒಡವೆ ಅಂಗಡಿ, ಸೋಪು, ಮಸಾಲೆ ಪುಡಿ, ಮನೆ ನಿವೇಶನದವರು. ಅವರಿಗೆ ಸ್ಟೇಷನ್ ಮಾರುವುದು ಹಾಡನ್ನಲ್ಲ, ನಿಮ್ಮ ಕಿವಿಯನ್ನು!

ಹಾಗಾಗಿ ಹಾಡು ಆರಿಸುವವರು 'ಇದು ಒಳ್ಳೆಯ ಹಾಡೇ?' ಎಂದು ಕೇಳುವುದಕ್ಕಿಂತ ಹೆಚ್ಚಾಗಿ 'ಇದು ಬಂದಾಗ ಯಾರಾದರೂ ಸ್ಟೇಷನ್ ಬದಲಾಯಿಸುತ್ತಾರೆಯೇ?' ಎಂದು ಕೇಳುತ್ತಾರೆ. ಕೆಲವು ಕಡೆ ಜನರಿಗೆ ಫೋನು ಮಾಡಿ ಹಾಡಿನ ಹತ್ತು ಸೆಕೆಂಡಿನ ತುಣುಕು ಕೇಳಿಸಿ, ಇಷ್ಟವೇ, ಸಾಕಾಗಿದೆಯೇ, ಗೊತ್ತೇ ಇಲ್ಲವೇ ಎಂದು ಬರೆದುಕೊಳ್ಳುತ್ತಾರೆ. ಗೊತ್ತಿರುವ ಹಾಡಿಗೇ ಹೆಚ್ಚು ಅಂಕ. ಅಂಥ ಕೆಲವೇ ಹಾಡುಗಳು ಕೆಲವು ಗಂಟೆಗೊಮ್ಮೆ ಸುತ್ತಿ ಸುತ್ತಿ ಬರುತ್ತವೆ. ಬೆಳಗಿನ ಜಾವ ಭಕ್ತಿಗೀತೆ, ನಡುಹಗಲು ಮನೆಯಲ್ಲಿರುವ ನಮಗಾಗಿ ಹಳೆಯ ಮಧುರ ಗೀತೆ, ಸಂಜೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಿಗೆ ಕುಣಿತದ ಹಾಡು. ದಿನವನ್ನು ಹೀಗೆ ಹಂಚಿಟ್ಟಿರುತ್ತಾರೆ. ಅತ್ತಿಗೆಯ 'ಅದದೇ ಹಾಡು' ಬರುವುದು ಇಲ್ಲಿಂದಲೇ.

ಜಾಹೀರಾತನ್ನೇ ನಂಬಿ ಕೂರದವರು ಬೇರೆ ದಾರಿ ಹಿಡಿಯಬಲ್ಲರು. ಆಕಾಶವಾಣಿ ಬೆಂಗಳೂರಿನಲ್ಲಿ ಶಾಸ್ತ್ರೀಯ ಸಂಗೀತಕ್ಕೆಂದೇ 'ಅಮೃತವರ್ಷಿಣಿ'ಯನ್ನು ತಂದಿತು; 2016ರ ಜನವರಿ 26ರಂದು 'ರಾಗಂ' ಎಂಬ ದಿನವಿಡೀ ಸಂಗೀತದ ವಾಹಿನಿಯನ್ನು ಇಲ್ಲಿಂದಲೇ ಆರಂಭಿಸಿತು. ಪೈಪೋಟಿಗಷ್ಟೇ ಬಿಟ್ಟಿದ್ದರೆ ಇವು ಹುಟ್ಟುತ್ತಿದ್ದವೇ?

ಲೆಕ್ಕಕ್ಕೆ ಬಾರದ ಕಿವಿಗಳು

ಸರಿ, ಯಾವ ಸ್ಟೇಷನ್ ಮುಂದಿದೆ ಎಂದು ತಿಳಿಯುವುದು ಹೇಗೆ? 2007ರಲ್ಲಿ ಬೆಂಗಳೂರೂ ಸೇರಿ ಕೆಲವು ಮಹಾನಗರಗಳಲ್ಲಿ ಕೇಳುಗರ ಎಣಿಕೆ ಶುರುವಾಯಿತು. ಆರಿಸಿದ ಕೆಲವರಿಗೆ ಒಂದು ಡೈರಿ ಕೊಟ್ಟು, ಯಾವ ಹೊತ್ತಿನಲ್ಲಿ ಯಾವ ಸ್ಟೇಷನ್ ಕೇಳಿದಿರಿ ಎಂದು ಬರೆಸುತ್ತಿದ್ದರು. ಅಂಥವರು ಒಂದು ನಗರಕ್ಕೆ ಸುಮಾರು 480 ಮಂದಿ! 2011ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ 84 ಲಕ್ಷ ಎಂಬುದನ್ನು ನೆನಪಿಡಿ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು, ನಿಜ. ಆದರೆ ಆ ಅಗುಳು ಆ ಪಾತ್ರೆಯದೇ ಆಗಿರಬೇಕಲ್ಲ?

ನೆಲಮಂಗಲ, ಹೊಸಕೋಟೆ ಬೆಂಗಳೂರಿಗೆ ಇಪ್ಪತ್ತೈದು ಮೂವತ್ತು ಕಿಲೋಮೀಟರು. ದೇವನಹಳ್ಳಿ, ದೊಡ್ಡಬಳ್ಳಾಪುರ ಸುಮಾರು ನಲವತ್ತು. ಬೆಂಗಳೂರಿನ ಎಫ್.ಎಂ. ಅಲೆ ನಮ್ಮ ಅಡುಗೆಮನೆಯವರೆಗೂ ಬರುತ್ತದೆ. ಆದರೆ ಆ ಎಣಿಕೆ ನಗರದವರದು. ಟ್ರಾಫಿಕ್ ಸುದ್ದಿ ಸಿಲ್ಕ್ ಬೋರ್ಡಿನದು, ಹಾಡಿನ ಆಯ್ಕೆಯೂ ಅಲ್ಲಿಯವರದು. ಚಕ್ಕೋತದ ತೋಟದಲ್ಲಿ ಕೂತು ಕೇಳುವವರು, ಮಗ್ಗದ ಮುಂದೆ ಕೂತು ಕೇಳುವವರು ಯಾರ ಪುಸ್ತಕದಲ್ಲೂ ಇಲ್ಲ. ಸೋಬಾನೆ ಪದ, ರಾಗಿ ಬೀಸುವ ಪದ ಕೇಳಿಸದಿದ್ದರೆ ಆಶ್ಚರ್ಯವೇನು? ಎಣಿಸದ ಕಿವಿಗೆ ಹಾಡು ಹಾಕುವವರಾರು?

ನಾವೇನು ಮಾಡಬಹುದು?

ಬೇಸರ ಬೇಡ. ಈಗಿನ ಜಾರ್ಖಂಡ್‌ನಲ್ಲಿ ಝುಮ್ರಿ ತಿಲೈಯಾ ಎಂಬ ಊರಿದೆ, ಅಭ್ರಕದ ಗಣಿಗಳ ಸಣ್ಣ ಊರು. ಅಲ್ಲಿನವರು ಸಿಲೋನಿಗೆ, ವಿವಿಧ ಭಾರತಿಗೆ ಹಾಡು ಕೋರಿ ಎಷ್ಟು ಕಾಗದ ಬರೆದರೆಂದರೆ, ದೇಶಕ್ಕೆಲ್ಲ ಆ ಊರಿನ ಹೆಸರು ಬಾಯಿಪಾಠವಾಯಿತು. ಕೇಳಿದ್ದಕ್ಕೇ ಸಿಕ್ಕಿತು!

ನಾವೂ ಕೇಳೋಣ. ಕೋರಿಕೆಯ ಕಾರ್ಯಕ್ರಮಕ್ಕೆ ಫೋನು ಮಾಡಿದಾಗ ಹೆಸರಿನ ಜೊತೆಗೆ ಊರನ್ನೂ ತಪ್ಪದೆ ಹೇಳಿ. ಬೇಡದ ಹಾಡು ಬಂದರೆ ಗೊಣಗುತ್ತಾ ಕೇಳಬೇಡಿ, ಸ್ಟೇಷನ್ ಬದಲಾಯಿಸಿ. ಆಕಾಶವಾಣಿಗೆ ಒಂದು ಕಾಗದ ಬರೆಯಿರಿ. ಒಳ್ಳೆಯ ಕಾರ್ಯಕ್ರಮವಾದರೆ ಮೆಚ್ಚಿ ಬರೆಯುವುದನ್ನೂ ಮರೆಯಬೇಡಿ. ಎಲ್ಲಕ್ಕಿಂತ ಮುಖ್ಯವಾದ್ದು, ಜಾಹೀರಾತು ಕೇಳಿ ಅಂಗಡಿಗೆ ಹೋದರೆ, ಯಾವ ಸ್ಟೇಷನ್‌ನಲ್ಲಿ ಯಾವ ಹೊತ್ತಿನಲ್ಲಿ ಕೇಳಿದಿರಿ ಎಂದು ಅಂಗಡಿಯವರಿಗೆ ಹೇಳಿ. ದುಡ್ಡು ಕೊಡುವವರು ಅವರು. ಅವರ ಮಾತು ಸ್ಟೇಷನ್ನಿಗೆ ಬೇಗ ಮುಟ್ಟುತ್ತದೆ.

ನಮ್ಮ ಅತ್ತಿಗೆಯೂ ಪ್ರಯತ್ನ ಮಾಡಿದರು. ಎರಡು ಸಲ ಲೈನ್ ಸಿಗಲಿಲ್ಲ. ಮೂರನೆಯ ದಿನ ಸಿಕ್ಕಿತಂತೆ. ಆ ಸಂಜೆಯೇ ನನಗೆ ಫೋನು: "ನನ್ನ ಹಾಡು ಹಾಕಿದ್ರು ಕಣೇ! ಮುದ್ದೆ ಕೂಡಿಸ್ತಾ ಇದ್ದೆ, ಕೋಲು ಹಾಗೇ ಕೈಯಲ್ಲೇ ನಿಂತು ಹೋಯ್ತು. ದೊಡ್ಡಬಳ್ಳಾಪುರ ಅಂತ ಊರಿನ ಹೆಸರೂ ಹೇಳಿದ್ರು!"

"ಮುದ್ದೆ ಏನಾಯ್ತು ಅತ್ತಿಗೆ?" ಎಂದೆ.

"ಗಂಟಾಯ್ತು. ನಿಮ್ಮಣ್ಣ ಒಂದು ಮಾತೂ ಆಡದೆ ಉಂಡರು" ಎಂದು ನಕ್ಕರು.